ಆಯಿಲ್ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ

ಪ್ರಶ್ನೆ: ನನ್ನದು ಒಂಬತ್ತು ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಎರಡು ತಿಂಗಳಿಂದ ನಿಲ್ಲಿಸಿದ ಜಾಗದಲ್ಲಿ ಅಂಗೈ ಅಗಲ ಆಯಿಲ್ ಕಲೆ ಬೀಳುತ್ತಿದೆ. ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೊಮ್ಮೆ ಸುಟ್ಟ ವಾಸನೆಯೂ ಬರುತ್ತದೆ. ಗ್ಯಾರೇಜಿನವರು ಕಾರನ್ನು ಮೇಲೆತ್ತಿ ಕೆಳಗಿಂದ ನೋಡಿ, ‘ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಅಂದರು. ನನಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆ. ಮನೆಯಲ್ಲೇ ಕಂಡುಹಿಡಿದು ಸರಿಮಾಡಬಹುದಾ?

ಉತ್ತರ: ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವು ಇದೆ, ಸುಟ್ಟ ವಾಸನೆ.

ಹಿಂದಿನ ಸೀಲ್, ಅಂದರೆ ಕ್ರ್ಯಾಂಕ್ ದಂಡದ ತುದಿಯಲ್ಲಿ ಆಯಿಲ್ ತಡೆಯುವ ರಬ್ಬರ್ ಬಳೆ, ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ. ಅದು ಸೋರಿದರೆ ಆಯಿಲ್ ಬೆಲ್ ಹೌಸಿಂಗ್‌ನ (ಆ ಜಾಗವನ್ನು ಮುಚ್ಚುವ ಗಂಟೆಯಾಕಾರದ ಕವಚದ) ತಳದಿಂದ ಸೀದಾ ನೆಲಕ್ಕೆ ಬೀಳುತ್ತದೆ. ವಾಸನೆ ಬರಬೇಕು ಅಂದರೆ ಆಯಿಲ್ ಯಾವುದಾದರೂ ಕೆಂಡದಂಥ ಜಾಗಕ್ಕೆ ತಗುಲಬೇಕು ಅಲ್ವಾ? ಎಂಜಿನ್‌ನಲ್ಲಿ ಅಂಥ ಜಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರುಗಳ ಹೊಗೆ ಹೊರಬರುವ ಪೈಪುಗಳ ಗೊಂಚಲು. ಅದು ಎಂಜಿನ್ನಿನ ಮೇಲ್ಭಾಗವಾದ ಹೆಡ್‌ನ ಪಕ್ಕಕ್ಕೆ, ಹೆಡ್ ಮುಚ್ಚುವ ಟ್ಯಾಪೆಟ್ ಕವರಿನ ಕೆಳಗೇ ಇರುತ್ತದೆ. ಕವರಿನ ಅಂಚಿನ ರಬ್ಬರ್ ಪ್ಯಾಕಿಂಗ್ ಒಣಗಿ ಸೋರಿದರೆ ಮೊದಲ ಹನಿ ಬೀಳುವುದು ಅದರ ಮೇಲೆ. ಹಾಗಾಗಿ ನನ್ನ ಅನುಮಾನ ಮೇಲಿನ ಕಡೆಗೇ ಹೋಗುತ್ತದೆ. ಕೆಲವು ಕಾರುಗಳಲ್ಲಿ ಸೈಲೆನ್ಸರ್ ಪೈಪು ಬೆಲ್ ಹೌಸಿಂಗ್ ಕೆಳಗೇ ಹಾದುಹೋಗುತ್ತದೆ, ಅಲ್ಲಿ ತೊಟ್ಟಿಕ್ಕಿದರೂ ವಾಸನೆ ಬರಬಹುದು. ಅದಕ್ಕೇ ‘ಅನುಮಾನ’ ಅಂದೆ, ತೀರ್ಪು ಕೊಡಲಿಲ್ಲ.

ಕೆಲಸ ಕಲಿತ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಕಾರಿನ ಕೆಳಗೆ ಮಲಗಿ ನೋಡಿದೆ, ಬೆಲ್ ಹೌಸಿಂಗ್ ತೊಯ್ದು ತೊಪ್ಪೆಯಾಗಿತ್ತು. ಒಂದೂವರೆ ದಿನ ಗುದ್ದಾಡಿ ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿದೆ. ತೆಗೆದ ಹಳೇ ಸೀಲ್ ಕೈಗೆ ಬಂದಾಗಲೇ ಎಚ್ಚರ ಆಗಬೇಕಿತ್ತು. ಅದರ ತುಟಿ ಇನ್ನೂ ಮೆತ್ತಗಿತ್ತು, ಸುತ್ತ ಒಣಗಿತ್ತು. ವಾರಕ್ಕೆ ಕಾರು ವಾಪಸ್ ಬಂತು, ಅದೇ ಜಾಗದಲ್ಲಿ ಅದೇ ಕಲೆ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಆಯಿಲ್ ಬ್ಲಾಕಿನ ಬೆನ್ನ ಮೇಲೆ ಇಳಿದು ಬೆಲ್ ಹೌಸಿಂಗ್ ತಲುಪುತ್ತಿತ್ತು. ಕೆಳಗಿಂದ ನೋಡಿದವರಿಗೆ ಹಿಂದಿನ ಸೀಲೇ ಕಾಣುತ್ತದೆ, ಮೇಲಿಂದ ನೋಡಬೇಕು.

ಶುರು ಮಾಡುವ ಮುಂಚೆ, ಬಿದ್ದಿರುವುದು ಎಂಜಿನ್ ಆಯಿಲೇ ಹೌದಾ ನೋಡಿಕೊಳ್ಳಿ. ರಾತ್ರಿ ಎಂಜಿನ್ ಕೆಳಗೆ ಬಿಳಿ ರಟ್ಟು ಹಾಸಿ. ಮುಂದಿನ ಎರಡು ಚಕ್ರ ಎಲ್ಲಿ ಬರುತ್ತವೆ ಅಂತ ರಟ್ಟಿನ ಮೇಲೆ ಗುರುತು ಹಾಕಿಡಿ, ಇಲ್ಲದಿದ್ದರೆ ಬೆಳಿಗ್ಗೆ ಕಲೆ ಯಾವ ಕಡೆಯದು ಅಂತ ಗೊತ್ತಾಗುವುದಿಲ್ಲ. ಕಂದು ಇಲ್ಲವೇ ಕಪ್ಪು ಬಣ್ಣ, ಬೆರಳಿಗೆ ಜಾರಿಕೆ ಇದ್ದರೆ ಎಂಜಿನ್ ಆಯಿಲ್. ಕೆಂಪಗಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಥವಾ ಪವರ್ ಸ್ಟೀರಿಂಗಿನದು. ಹಸಿರು, ಗುಲಾಬಿ ಬಣ್ಣ, ಸಿಹಿ ವಾಸನೆ ಇದ್ದರೆ ಕೂಲೆಂಟ್. ಗಂಧಕದಂಥ ಗಬ್ಬು ವಾಸನೆ ಬಂದರೆ ಗೇರ್ ಆಯಿಲ್. ಬರೀ ನೀರಾದರೆ ಎಸಿಯದು, ಸುಮ್ನೆ ಬಿಡಿ.

ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಕೂಡ ನೋಡಿ. ಸಮತಟ್ಟಾದ ನೆಲ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು 1 ಲೀಟರ್ ವ್ಯತ್ಯಾಸ ಇರುತ್ತದೆ. ವಾರಕ್ಕೊಮ್ಮೆ ಬರೆದಿಡಿ. ಲೆವೆಲ್ ಮೇಲಿನ ಗುರುತು ದಾಟಿದ್ದರೆ ಅದೇ ಒಂದು ಕಾಯಿಲೆ, ಜಾಸ್ತಿ ಆಯಿಲ್ ಹಾಕಿದ ಎಂಜಿನ್ ಎಲ್ಲೆಂದರಲ್ಲಿ ಬೆವರುತ್ತದೆ. ನೆಲದ ಮೇಲೆ ಕಲೆ ಚಿಕ್ಕದಿದ್ದು ಲೆವೆಲ್ ಮಾತ್ರ ಬೇಗ ಇಳಿಯುತ್ತಿದ್ದರೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದಾ ನೋಡಿ. ಆಗ ಆಯಿಲ್ ಹೊರಗೆ ಸೋರುವುದಕ್ಕಿಂತ ಒಳಗೆ ಉರಿಯುತ್ತಿರಬಹುದು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಲೆವೆಲ್ ತೋರಿಸುವುದಲ್ಲ, ಆಯಿಲಿನ ಒತ್ತಡ ಕುಸಿದಿದೆ ಅಂತ ಹೇಳುವುದು. ಓಡಿಸುವಾಗ ಅದು ಹತ್ತಿದರೆ ಸೀದಾ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ‘ಇನ್ನೊಂದು ಕಿಲೋಮೀಟರ್ ಅಷ್ಟೇ’ ಅಂತ ಹೋದವರ ಬೇರಿಂಗ್‌ಗಳನ್ನು ನಾನು ಬಹಳ ಸಲ ಬಿಚ್ಚಿದ್ದೇನೆ. ಬಾನೆಟ್ ಸಂದಿಯಿಂದ ಹೊಗೆ ಏಳುತ್ತಿದ್ದರೂ ಓಡಿಸಬೇಡಿ, ಬಿಸಿ ಮ್ಯಾನಿಫೋಲ್ಡ್ ಮೇಲಿನ ಆಯಿಲ್ ಬೆಂಕಿ ಹಿಡಿಯಬಲ್ಲದು.

ಈಗ ತೊಳೆಯುವ ಕೆಲಸ. ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ, ಹಾದಿ ತಪ್ಪುವುದೂ ಅಲ್ಲೇ. ಎರಡು ತಿಂಗಳ ಆಯಿಲ್ ಮೇಲೆ ಧೂಳು ಕೂತು ಎಂಜಿನ್ ಪೂರ್ತಿ ಕಪ್ಪಾಗಿರುತ್ತದೆ. ಅದರಲ್ಲಿ ಹೊಸ ಸೋರಿಕೆ ಹುಡುಕಿದರೆ ಸಿಗುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಜಿಡ್ಡು ಕರಗಿಸುವ ಡಿಗ್ರೀಸರ್ ಹೊಡೆದು, ಹಳೇ ಬ್ರಷ್‌ನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ. ಆಲ್ಟರ್ನೇಟರ್, ಇಗ್ನಿಷನ್ ಕಾಯಿಲ್, ಏರ್ ಫಿಲ್ಟರಿನ ಬಾಯಿ ಇವಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ. ಪ್ರೆಷರ್ ವಾಷರ್ ಬೇಡ, ಕನೆಕ್ಟರುಗಳ ಒಳಗೆ ನೀರು ನುಗ್ಗಿದರೆ ಒಂದು ರಿಪೇರಿ ಎರಡಾಗುತ್ತದೆ. ಎಂಜಿನ್ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇದ್ದರೆ ಬಿಚ್ಚಿ ಅದನ್ನೂ ತೊಳೆಯಿರಿ. ಹಿಂದಿನ ಸಲ ಆಯಿಲ್ ಬದಲಿಸಿದಾಗ ಚೆಲ್ಲಿದ್ದು ಈ ತಟ್ಟೆಯಲ್ಲಿ ನಿಂತು, ವಾರಗಟ್ಟಲೆ ಯಾವುದೋ ತೂತಿನಿಂದ ತೊಟ್ಟಿಕ್ಕುವುದುಂಟು. ಸೋರಿಕೆಯೇ ಇಲ್ಲದ ಕಾರಿಗೆ ರಿಪೇರಿ ಮಾಡಿಸಿದವರೂ ಇದ್ದಾರೆ.

ಕೆಳಗೆ ನುಗ್ಗಬೇಕಾದರೆ ಜಾಕಿಯ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಎಂದೂ ಹೋಗಬೇಡಿ. ಗಟ್ಟಿ ನೆಲ, ಎರಡು ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡ ಕಟ್ಟಿಗೆ. ಇಲ್ಲಿ ಚೌಕಾಸಿ ಇಲ್ಲ.

ತೊಳೆದು ಒಣಗಿದ ಮೇಲೆ ಕಾರನ್ನು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಬಾನೆಟ್ ತೆಗೆದು ಒಳ್ಳೆ ಟಾರ್ಚ್ ಹಿಡಿದು ಮೇಲಿಂದ ಕೆಳಗೆ ಬನ್ನಿ. ನಿಯಮ ಒಂದೇ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಎಲ್ಲಕ್ಕಿಂತ ಮುಂದಿನದು ಯಾವುದು? ಆಯಿಲ್ ಕೆಳಗಿಳಿಯುತ್ತದೆ, ಓಡುವ ಕಾರಿನಲ್ಲಿ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಕ್ಕೆ ಮಾತ್ರ ಹತ್ತುವುದಿಲ್ಲ. ಎಂಜಿನ್ ಹಿಂಬದಿಗೆ ಕಣ್ಣು ಹೋಗುವುದಿಲ್ಲ ಅಂದರೆ ಫೋನಿನ ವಿಡಿಯೋ ಆನ್ ಮಾಡಿ ಸಂದಿಯಲ್ಲಿ ಇಳಿಬಿಡಿ. ನಮ್ಮ ಕಾಲದಲ್ಲಿ ಕೋಲಿಗೆ ಕನ್ನಡಿ ಕಟ್ಟುತ್ತಿದ್ದೆವು, ಇದು ಎಷ್ಟೋ ವಾಸಿ. ಎಂಜಿನ್ ಓಡುತ್ತಿರುವಾಗ ತೋಳು, ಟಾರ್ಚಿನ ದಾರ ಬೆಲ್ಟಿನಿಂದ ದೂರ ಇರಲಿ. ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು.

ಸಣ್ಣ ಸೋರಿಕೆ ಕಣ್ಣಿಗೆ ಸಿಗದಿದ್ದರೆ ಮುಖಕ್ಕೆ ಹಚ್ಚುವ ಪೌಡರ್ ಸಾಕು. ಒಣಗಿದ ಲೋಹದ ಮೇಲೆ ತೆಳ್ಳಗೆ ಉದುರಿಸಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದರೆ, ಬಿಳಿಯ ಮೇಲೆ ಕಪ್ಪು ಗೆರೆ ಎಳೆದ ಹಾಗೆ ದಾರಿ ಕಾಣುತ್ತದೆ. ಬೆಲ್ಟಿಗೂ ಏರ್ ಫಿಲ್ಟರಿನ ಬಾಯಿಗೂ ಪೌಡರ್ ಹೋಗಬಾರದು ಅಷ್ಟೇ. ಅದಕ್ಕೂ ಜಗ್ಗದಿದ್ದರೆ ಆಯಿಲ್‌ಗೆ ಬೆರೆಸುವ ಯುವಿ ಡೈ ಸಿಗುತ್ತದೆ. ಹಾಕಿ ಒಂದೆರಡು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರುವ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ.

ನಿಮ್ಮ ಕಾರಿನಲ್ಲಿ ಟ್ಯಾಪೆಟ್ ಕವರೇ ಸಿಕ್ಕಿಬಿದ್ದಿತು ಅಂದುಕೊಳ್ಳೋಣ. ಸ್ಪ್ಯಾನರ್ ಅಭ್ಯಾಸ ಇರುವವರಿಗೆ ಒಂದು ಬೆಳಗಿನ ಕೆಲಸ. ಆದರೆ ಬೋಲ್ಟ್ ಇನ್ನಷ್ಟು ಬಿಗಿ ಮಾಡಿದರೆ ನಿಂತೀತು ಅನ್ನುವ ಆಸೆ ಬೇಡ. ಒಂಬತ್ತು ವರ್ಷ ಬಿಸಿಯಲ್ಲಿ ಬೆಂದ ರಬ್ಬರ್ ಪ್ಲಾಸ್ಟಿಕ್ ಕಡ್ಡಿಯಂತಾಗಿರುತ್ತದೆ, ಬಗ್ಗಿಸಿದರೆ ಲಟ್ ಅಂತ ಮುರಿಯುತ್ತದೆ. ಅದನ್ನು ಎಷ್ಟು ಹಿಂಡಿದರೂ ಸಂದಿ ತುಂಬುವುದಿಲ್ಲ, ಕವರು ಮಾತ್ರ ಡೊಂಕಾಗುತ್ತದೆ ಅಥವಾ ಸೀಳುತ್ತದೆ.

ತಣ್ಣಗಿನ ಎಂಜಿನ್, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಏನನ್ನೂ ಮುಟ್ಟುವ ಮುಂಚೆ ನಾಲ್ಕು ಫೋಟೋ ತೆಗೆದಿಡಿ. ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ, ಯಾವ ಸಿಲಿಂಡರಿನದು ಅಂತ ಗುರುತು ಹಾಕಿ ಎತ್ತಿಡಿ. ಕಾಯಿಲಿನ ರಬ್ಬರ್ ತುದಿ ಆಯಿಲ್‌ನಲ್ಲಿ ನೆನೆದಿದ್ದರೆ ಸ್ಪಾರ್ಕ್ ಪ್ಲಗ್ ಕೂರುವ ಗುಂಡಿ, ಅಂದರೆ ಪ್ಲಗ್ ಬಾವಿಯ ಸೀಲೂ ಹೋಗಿದೆ. ಹಾಗೆ ನೆನೆದ ಕಾಯಿಲ್ ಮಿಸ್‌ಫೈರ್ ಕೊಡುತ್ತದೆ, ಕಾಯಿಲೇ ಹಾಳಾಗಿದೆ ಅಂತ ಬದಲಿಸಿ ಮೋಸ ಹೋಗುವವರಿದ್ದಾರೆ. ಪ್ಲಗ್ ಬಿಚ್ಚುವುದಾದರೆ ಮೊದಲು ಬಾವಿಯಲ್ಲಿ ನಿಂತ ಆಯಿಲ್ ಬಟ್ಟೆಯಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೆ ಇಳಿಯುತ್ತದೆ. ಕವರಿಗೆ ಸೇರಿದ ಉಸಿರಾಟದ ಪೈಪನ್ನು ಮೆಲ್ಲಗೆ ಎಳೆಯಿರಿ. ಹಳೇ ಪ್ಲಾಸ್ಟಿಕ್ ಪೈಪು ಕೈಯಲ್ಲೇ ಪುಡಿಯಾಗುವುದುಂಟು.

ಬೋಲ್ಟುಗಳನ್ನು ಅಂಚಿನಿಂದ ನಡುವಿಗೆ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಹೆಡ್‌ನ ಅಲ್ಯೂಮಿನಿಯಂ ಮುಖಕ್ಕೆ ಗೀರು ಬೀಳುತ್ತದೆ. ಹೊಸ ಪ್ಯಾಕಿಂಗ್ ಮುಂದೆ ಅದೇ ಗೀರಿನಲ್ಲಿ ಸೋರುತ್ತದೆ. ಕವರ್ ಎತ್ತಿದ ಕೂಡಲೇ ಒಳಗೆ ವಾಲ್ವ್ ತೆರೆಯುವ ದಂಡ, ಕ್ಯಾಮ್‌ಶಾಫ್ಟ್ ಬಯಲಾಗುತ್ತದೆ. ಅದರ ಮೇಲೆ ನಾರು ಬಿಡದ ಬಟ್ಟೆ ಹೊದಿಸಿ. ಅಲ್ಲಿ ಬಿದ್ದ ಒಂದು ವಾಷರ್ ಹುಡುಕುವುದರಲ್ಲಿ ನಿಮ್ಮ ದಿನವೇ ಹೋಗುತ್ತದೆ.

ಕವರಿನ ಅಂಚಿನ ತೋಡಿನಿಂದ ಹಳೇ ಪ್ಯಾಕಿಂಗ್ ಕಿತ್ತು, ತೋಡನ್ನೂ ಹೆಡ್‌ನ ಮುಖವನ್ನೂ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಚೊಕ್ಕ ಮಾಡಿ. ಬಟ್ಟೆಗೆ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಬೆರಳು ಆಡಿಸಿದರೆ ಒಂದು ಕಣವೂ ತಾಗಬಾರದು, ಜಿಡ್ಡೂ ಇರಬಾರದು. ಹೊಸ ರಬ್ಬರ್ ಪ್ಯಾಕಿಂಗ್ ಒಣಗಿದ್ದೇ ಕೂರಬೇಕು, ಅದರ ಸುತ್ತ ಗಮ್ ಬಳಿಯಬೇಡಿ. ಗಮ್, ಅಂದರೆ ಸಿಲಿಕೋನ್ ಸೀಲೆಂಟ್, ಬೇಕಾಗುವುದು ಎರಡು ಲೋಹದ ಭಾಗ ಕೂಡುವ ಮೂಲೆಗಳಲ್ಲಿ ಮಾತ್ರ. ಟೈಮಿಂಗ್ ಕವರ್ ಹೆಡ್‌ಗೆ ಸೇರುವ ಕಡೆ, ಮತ್ತೆ ಅರ್ಧಚಂದ್ರಾಕಾರದ ತಿರುವುಗಳಲ್ಲಿ. ಅಲ್ಲೂ ಹೆಸರುಕಾಳಿನಷ್ಟು ಸಾಕು. ಜಾಸ್ತಿ ಹಾಕಿದ್ದು ಒಳಗೂ ಉಬ್ಬುತ್ತದೆ, ಮುಂದೊಂದು ದಿನ ಚೂರಾಗಿ ಕಳಚಿ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ.

ಪ್ಲಗ್ ಬಾವಿಯ ಸೀಲುಗಳನ್ನೂ ಇದೇ ಸಲ ಬದಲಿಸಿ. ಕೆಲವು ಕಾರುಗಳಲ್ಲಿ ಅವು ಕವರಿನ ಜೊತೆಗೇ ಅಚ್ಚಾಗಿರುತ್ತವೆ, ಆಗ ಕವರೇ ಹೊಸದು ಬೇಕು.

ಬಿಗಿ ಮಾಡುವುದು ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ. ಟಾರ್ಕ್ ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ಇರುವಷ್ಟೇ. ಹೆಚ್ಚಿನ ಕಾರುಗಳಲ್ಲಿ ಅದು 8ರಿಂದ 12 ನ್ಯೂಟನ್ ಮೀಟರ್ ಆಸುಪಾಸು, ಅಂದರೆ ಚಕ್ರದ ನಟ್ಟಿಗೆ ಹಾಕುವ ಬಲದ ಹತ್ತನೇ ಒಂದು ಭಾಗದಷ್ಟು. ಉದ್ದ ಹಿಡಿಯ ರಾಚೆಟ್ ಹಿಡಿದರೆ ಕೈಗೆ ಗೊತ್ತಾಗುವ ಮುಂಚೆಯೇ ಬೋಲ್ಟ್ ತುಂಡಾಗುತ್ತದೆ. ಸೀಲೆಂಟ್ ಹಾಕಿದ್ದರೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಬಹಳಷ್ಟಕ್ಕೆ ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮ್ಯಾನಿಫೋಲ್ಡ್ ಮೇಲೆ ಉಳಿದ ಹಳೇ ಆಯಿಲ್ ಉರಿದು ತೆಳ್ಳಗೆ ಹೊಗೆ ಬರುತ್ತದೆ. ಪಕ್ಕದಲ್ಲೇ ನಿಂತು ನೋಡಿ, ಹತ್ತು ಹದಿನೈದು ನಿಮಿಷಕ್ಕೆ ನಿಲ್ಲಬೇಕು. ಕಡಿಮೆಯಾಗುವ ಬದಲು ಜಾಸ್ತಿ ಆದರೆ ಆಫ್ ಮಾಡಿ.

ಕವರ್ ಒಣಗಿಯೇ ಇದೆ ಅನ್ನಿ. ಆಗ ಕೆಳಗಿಳಿಯುತ್ತಾ ಹೋಗಿ. ಆಯಿಲ್ ಹಾಕುವ ಮುಚ್ಚಳದ ರಬ್ಬರ್ ರಿಂಗ್ ಗಟ್ಟಿಯಾಗಿದ್ದರೆ ಬದಲಿಸಿ, ಅಲ್ಲಿಗೆ ಮುಗಿಯಿತು. ಆಯಿಲ್ ಪ್ರೆಷರ್ ಸ್ವಿಚ್‌ನ ಕನೆಕ್ಟರ್ ಬಿಡಿಸಿ ನೋಡಿ, ಒಳಗೆ ಆಯಿಲ್ ಇದ್ದರೆ ಸ್ವಿಚ್ ಸೋರುತ್ತಿದೆ. ಸಣ್ಣ ಸಾಮಾನು, ಆದರೆ ಒತ್ತಡದ ಆಯಿಲ್ ಆದ್ದರಿಂದ ಅವಾಂತರ ದೊಡ್ಡದು. ಫಿಲ್ಟರಿನ ಬುಡ ಒದ್ದೆ ಇದ್ದು, ಸೋರಿಕೆ ಆಯಿಲ್ ಬದಲಿಸಿದ ಮೇಲೆ ಶುರುವಾಗಿದ್ದರೆ, ಹಳೇ ಫಿಲ್ಟರಿನ ರಿಂಗ್ ಎಂಜಿನ್‌ಗೇ ಅಂಟಿಕೊಂಡು ಉಳಿದು ಅದರ ಮೇಲೆ ಹೊಸದು ಕೂತಿರಬಹುದು. ಎರಡು ರಿಂಗ್ ಕೂತ ಫಿಲ್ಟರ್ ಯಾವಾಗ ಬೇಕಾದರೂ ಉಗಿದು ಪೂರ್ತಿ ಆಯಿಲ್ ಖಾಲಿ ಮಾಡೀತು, ಆ ಕಾರನ್ನು ಓಡಿಸಬೇಡಿ. ಹೊಸ ಫಿಲ್ಟರಿನ ರಿಂಗಿಗೆ ಆಯಿಲ್ ಸವರಿ, ರಿಂಗ್ ಮುಟ್ಟಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಬೇರೆ ಅಳತೆ ಫಿಲ್ಟರಿನ ಮೇಲೆ ಬರೆದಿದ್ದರೆ ಅದೇ ಸರಿ.

ಚೇಂಬರಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೈನ್ ನಟ್ಟಿಗೆ ಪ್ರತಿ ಸಲವೂ ಹೊಸ ವಾಷರ್ ಹಾಕಿ. ಸೋರುತ್ತದೆ ಅಂತ ಜೋತುಬಿದ್ದು ಬಿಗಿ ಮಾಡಿದರೆ ಚೇಂಬರಿನ ಮರೆ (ಥ್ರೆಡ್) ಕಿತ್ತುಬರುತ್ತದೆ.

ಎಂಜಿನ್ ಮುಂಬದಿ, ಟೈಮಿಂಗ್ ಬೆಲ್ಟ್ ಇರುವ ಕಡೆ ಒದ್ದೆ ಕಂಡರೆ ಮನೆಯ ಪ್ರಯೋಗ ಅಲ್ಲಿಗೆ ನಿಲ್ಲಲಿ. ಆಯಿಲ್ ಕುಡಿದ ರಬ್ಬರ್ ಬೆಲ್ಟ್ ಉಬ್ಬಿ ಹಲ್ಲು ಕಳಚುತ್ತದೆ. ಬೆಲ್ಟ್ ಹರಿದರೆ ಬಹಳ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಆ ಸೀಲ್ ಹಾಕಲು ಟೈಮಿಂಗ್ ಬಿಚ್ಚಿ ಹೊಂದಿಸಬೇಕು, ಅದು ಪಳಗಿದ ಕೈಯ ಕೆಲಸ.

ಎಲ್ಲಿ ಸೋರುತ್ತಿದ್ದರೂ ಒಂದನ್ನು ಮರೆಯಬೇಡಿ, ಎಂಜಿನ್ ಉಸಿರಾಡುತ್ತಿದೆಯಾ ಅಂತ ನೋಡಿ. ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಸ್ವಲ್ಪ ಗ್ಯಾಸು ಯಾವಾಗಲೂ ಚೇಂಬರಿಗೆ ನುಸುಳುತ್ತದೆ. ಅದನ್ನು ಎಳೆದು ಮತ್ತೆ ಇನ್‌ಟೇಕ್‌ಗೆ ಕಳಿಸುವುದು ಪಿಸಿವಿ ವಾಲ್ವ್. ಅದು ಜಿಡ್ಡುಗಟ್ಟಿ ಮುಚ್ಚಿದರೆ ಒಳಗೆ ಒತ್ತಡ ಏರಿ, ಯಾವ ಸೀಲ್ ಬಡಪಾಯಿಯೋ ಅದನ್ನು ತಳ್ಳಿಕೊಂಡು ಆಯಿಲ್ ಹೊರಬರುತ್ತದೆ. ಇದನ್ನು ನೋಡದೆ ಪ್ಯಾಕಿಂಗ್ ಹಾಕಿದರೆ ಹೊಸದೂ ಸೋರುತ್ತದೆ, ಬೈಗುಳ ಪ್ಯಾಕಿಂಗ್ ಕಂಪನಿಗೆ. ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು, ಬಾಯಿಗೆ ತೆಳ್ಳನೆಯ ರಬ್ಬರ್ ಕೈಗವಸು ಬಿಗಿಯಾಗಿ ಸಿಕ್ಕಿಸಿ. ಅದು ಒಳಗೆ ಎಳೆದುಕೊಂಡರೆ ಸರಿ ಇದೆ. ಬಲೂನಿನಂತೆ ಉಬ್ಬಿ ನಿಂತರೆ ಒತ್ತಡ ಹೊರಹೋಗುತ್ತಿಲ್ಲ. ವಾಲ್ವ್ ಬದಲಿಸಿ, ಅದರ ಪೈಪಿನೊಳಗೂ ನೋಡಿ. ಹೊಸ ವಾಲ್ವ್ ಹಾಕಿದ ಮೇಲೂ ಉಬ್ಬುತ್ತಿದ್ದರೆ ರಿಂಗ್‌ಗಳೇ ಸವೆದಿರಬಹುದು, ಅದು ಬೇರೆ ಕಥೆ.

ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿ ಬಗ್ಗೆಯೂ ನೀವು ಕೇಳೇ ಕೇಳುತ್ತೀರಿ. ಅದು ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬರೀ ಬೆವರುವಷ್ಟು ಸೋರುವ ಸೀಲಿಗೆ ಕೆಲವು ತಿಂಗಳು ತಳ್ಳಬಹುದು. ಸೀಳಿದ ಪ್ಯಾಕಿಂಗ್‌ಗೆ, ಸಡಿಲ ಬೋಲ್ಟಿಗೆ ಅದರಿಂದ ಏನೂ ಆಗದು. ನನ್ನ ಸ್ವಂತ ಕಾರಿಗೆ ನಾನು ಹಾಕುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಮೇಲಿನದೆಲ್ಲ ಒಣಗಿ, ಬ್ಲಾಕಿನ ಬೆನ್ನೂ ಒಣಗಿ, ಬೆಲ್ ಹೌಸಿಂಗ್‌ನ ತಳದಲ್ಲಿ ಮಾತ್ರ ಎಂಜಿನ್ ಆಯಿಲ್ ಹನಿ ನಿಂತಿದ್ದರೆ ಗ್ಯಾರೇಜಿನವರು ಹೇಳಿದ್ದೇ ಸರಿ. ಮನೆಯಲ್ಲಿ ಗೇರ್‌ಬಾಕ್ಸ್ ಇಳಿಸುವ ಸಾಹಸ ಬೇಡ, ಅವರಿಗೇ ಕೊಡಿ. ಗೇರ್‌ಬಾಕ್ಸ್ ಕೆಳಗಿಳಿದಾಗ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗ್ ನಿಮ್ಮ ಎದುರಿಗೇ ನೋಡಲು ಹೇಳಿ. ಪ್ಲೇಟು ಆಯಿಲ್ ಕುಡಿದಿದ್ದರೆ ತೊಳೆದು ಹಾಕುವುದಲ್ಲ, ಹೊಸದೇ ಬೇಕು. ತೆಗೆದ ಹಳೇ ಸೀಲನ್ನು ಕೇಳಿ ಇಸ್ಕೊಂಡು, ಅದರ ತುಟಿಯ ಮೇಲೆ ಒಮ್ಮೆ ಉಗುರು ಆಡಿಸಿ ನೋಡಿ.